ಹಳೆ ಟಯರ್ ಹೋಗುವುದೆಲ್ಲಿಗೆ? ರಿಸೋಲ್ ಶೆಡ್ಡಿನಿಂದ ವಾಡಾದ ಭಟ್ಟಿಯವರೆಗೆ

ಕಾರಿಗೆ ಹೊಸ ಟಯರ್ ಹಾಕಿಸಲು ಅಂಗಡಿಗೆ ಹೋದವರು ಬೆಲೆಯ ಬಗ್ಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಯಾವ ಕಂಪೆನಿ, ಎಷ್ಟು ವರ್ಷದ ಗ್ಯಾರಂಟಿ, ಅಲೈನ್‌ಮೆಂಟ್ ಉಚಿತವೇ ಎಂದೆಲ್ಲ ವಿಚಾರಿಸುತ್ತಾರೆ. ಕಳಚಿಟ್ಟ ಹಳೆ ಟಯರ್‌ಗಳ ಮಾತು ಮಾತ್ರ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಅಂಗಡಿಯವರು ಬಿಲ್ಲಿನಲ್ಲಿ ನೂರೋ ಇನ್ನೂರೋ ಕಡಿಮೆ ಮಾಡುತ್ತಾರೆ, ಕೆಲವೊಮ್ಮೆ ಅದೂ ಇಲ್ಲ. ಗಿರಾಕಿ ಕಾರು ಹತ್ತಿ ಹೊರಡುತ್ತಾರೆ. ಆ ನಾಲ್ಕು ಟಯರ್‌ಗಳು ಅಲ್ಲಿಂದ ಎಲ್ಲಿಗೆ ಹೋದವು ಎಂದು ಕೇಳುವವರು ನೂರರಲ್ಲಿ ಒಬ್ಬರೂ ಸಿಗಲಾರರು.

ಆದರೆ ಕೇಳಲೇಬೇಕಾದ ಪ್ರಶ್ನೆ ಅದು. 2025ರ ಜನವರಿಯಲ್ಲಿ ನಮ್ಮ ಮಹಾನಗರದ ನೆರೆಯ ಪಾಲ್ಘರ್ ಜಿಲ್ಲೆಯ ವಾಡಾದಲ್ಲಿ ಹಳೆ ಟಯರ್ ಕಾಯಿಸಿ ಎಣ್ಣೆ ತೆಗೆಯುವ ಘಟಕವೊಂದರಲ್ಲಿ ಸ್ಫೋಟ ಸಂಭವಿಸಿ ಇಬ್ಬರು ಮಹಿಳೆಯರು ಮತ್ತು ಇಬ್ಬರು ಮಕ್ಕಳು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಮಾರ್ಚ್‌ನಲ್ಲಿ ಬಿಬಿಸಿ ಪ್ರಕಟಿಸಿದ ತನಿಖಾ ವರದಿಯಂತೆ, ಅಲ್ಲಿ ಬಳಕೆಯಾಗುತ್ತಿದ್ದುದು ಯುರೋಪಿನಿಂದ ಬಂದ ಟಯರ್‌ಗಳು. ಎಲ್ಲೋ ದೂರದ ದೇಶದಲ್ಲಿ ಯಾರೋ ಕಳಚಿಟ್ಟ ಟಯರ್ ವಾಡಾದ ಕೂಲಿ ಕುಟುಂಬಗಳ ಮನೆ ಬಾಗಿಲಿಗೆ ಸಾವನ್ನು ತಂದಿತು.

ಹಳೆ ಟಯರ್‌ಗೆ ಇರುವುದು ಒಂದೇ ಮಾರುಕಟ್ಟೆಯಲ್ಲ. ಮರುಮಾರಾಟ, ರಿಸೋಲ್, ಕತ್ತರಿಸಿ ಮಾಡುವ ವಸ್ತುಗಳು, ರಬ್ಬರ್ ಪುಡಿ ಮತ್ತು ರಿಕ್ಲೇಮ್, ಕೊನೆಗೆ ಎಣ್ಣೆಯ ಭಟ್ಟಿ – ಹೀಗೆ ಕನಿಷ್ಠ ಐದು ದಾರಿಗಳಿವೆ. ಒಂದು ಟಯರ್ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಕಿಲೋಗೆ ಸಿಗುವ ದರ. ಮುಂಬಯಿ, ಥಾಣೆ, ನವಿಮುಂಬಯಿ ಪರಿಸರದಲ್ಲಿ ಟ್ರಾವೆಲ್ಸ್, ಲಾರಿ ಸಾಗಾಟ, ಶಾಲಾ ಬಸ್ಸು, ಗ್ಯಾರೇಜು ನಡೆಸುವ ಕನ್ನಡಿಗರು ಅನೇಕರಿದ್ದಾರೆ. ಸ್ವಂತ ಕಾರು, ಸ್ಕೂಟರ್ ಇರುವವರನ್ನೂ ಸೇರಿಸಿದರೆ ಈ ಲೆಕ್ಕದಿಂದ ಹೊರಗುಳಿಯುವ ಮನೆ ಅಪರೂಪ.

ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲಾದೀತೇ?

ಕಬ್ಬಿಣದ ಗುಜರಿಯನ್ನು ಕರಗಿಸಿ ಮತ್ತೆ ಕಬ್ಬಿಣ ಮಾಡಬಹುದು. ಅಲ್ಯುಮಿನಿಯಂ ಪಾತ್ರೆ, ಗಾಜಿನ ಬಾಟಲಿಗಳ ವಿಷಯವೂ ಅಷ್ಟೇ. ಟಯರ್ ಹಾಗಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯಿಂದ ಬಂದವರಿಗೆ ರಬ್ಬರ್ ತೋಟ ಹೊಸತೇನಲ್ಲ. ಮರದಿಂದ ಇಳಿಸಿದ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ರೋಲರ್‌ನಲ್ಲಿ ಒತ್ತಿ, ಒಣಗಿಸಿದ ಶೀಟನ್ನು ಅವರು ನೋಡಿಯೇ ಇರುತ್ತಾರೆ. ಈ ಕಚ್ಚಾ ರಬ್ಬರ್ ಬಿಸಿಯಾದರೆ ಅಂಟಂಟಾಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಅದರಿಂದ ಚಕ್ರ ಮಾಡಿದರೆ ಬಾಳಿಕೆ ಬಾರದು.

1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರ್‌ಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಮುಟ್ಟಾಗುತ್ತದೆ ಎಂಬುದನ್ನು ಕಂಡುಕೊಂಡರು. ವಲ್ಕನೈಸೇಷನ್ ಎಂಬ ಈ ಕ್ರಿಯೆಯಲ್ಲಿ ರಬ್ಬರ್‌ನ ಉದ್ದುದ್ದ ಎಳೆಗಳ ನಡುವೆ ಗಂಧಕವು ಅಡ್ಡ ಕೊಂಡಿಗಳನ್ನು ಹಾಕುತ್ತದೆ. ಇದರಿಂದಾಗಿಯೇ ಟಯರ್ ಉರಿಬಿಸಿಲಿನ ಡಾಮರು ರಸ್ತೆಯಲ್ಲೂ ಮೆತ್ತಗಾಗದೆ ಓಡುತ್ತದೆ. ಆದರೆ ಆ ಕೊಂಡಿಗಳನ್ನು ಬಿಡಿಸುವುದು ಬಹಳ ಕಷ್ಟ. ಅಕ್ಕಿ ಉದ್ದಿನ ಹಿಟ್ಟು ಒಮ್ಮೆ ಇಡ್ಲಿಯಾಗಿ ಬೆಂದ ಮೇಲೆ ಅದನ್ನು ಪುಡಿ ಮಾಡಿ ಉಪ್ಪಿಟ್ಟು ಮಾಡಬಹುದೇ ಹೊರತು ಮತ್ತೆ ಹಿಟ್ಟು ಮಾಡಲಾಗದು. ಟಯರ್‌ನ ಕತೆಯೂ ಹಾಗೆಯೇ.

ಮೇಲಾಗಿ ಟಯರ್ ಎಂದರೆ ಬರೀ ರಬ್ಬರ್ ಅಲ್ಲ. ತೋಟದ ರಬ್ಬರ್, ಪೆಟ್ರೋಲಿಯಂನಿಂದ ಬರುವ ಕೃತಕ ರಬ್ಬರ್, ಕಪ್ಪು ಬಣ್ಣ ಮತ್ತು ಬಲ ಕೊಡುವ ಕಾರ್ಬನ್ ಬ್ಲ್ಯಾಕ್, ಉಕ್ಕಿನ ತಂತಿ, ನೈಲಾನ್ ನೂಲು, ಗಂಧಕ, ಸತುವಿನ ಆಕ್ಸೈಡ್ ಎಲ್ಲವೂ ಅದರಲ್ಲಿ ಒಂದಾಗಿರುತ್ತವೆ. ಕಾರಿನ ಒಂದು ಟಯರ್ 7ರಿಂದ 10 ಕಿಲೋ, ಲಾರಿಯದ್ದು 50 ಕಿಲೋ ಆಸುಪಾಸು ತೂಗುತ್ತದೆ. ವರ್ಷಗಟ್ಟಲೆ ಓಡಿದ ಮೇಲೂ ಸವೆದು ಹೋಗುವುದು ನೆಲಕ್ಕೆ ತಾಗುವ ಮೇಲಿನ ಪಟ್ಟಿ ಮಾತ್ರ. ದೇಹದ ಬಹುಭಾಗ ಹಾಗೆಯೇ ಉಳಿದಿರುತ್ತದೆ. ಹಳೆ ಟಯರ್‌ನ ಇಡೀ ವ್ಯಾಪಾರ ನಿಂತಿರುವುದು ಈ ಉಳಿಕೆಯ ಮೇಲೆ.

ಪಂಕ್ಚರ್ ಅಂಗಡಿಯಿಂದ ಗೋಡೌನಿಗೆ

ಟಯರ್ ಅಂಗಡಿ, ಪಂಕ್ಚರ್ ಅಂಗಡಿ, ಗ್ಯಾರೇಜುಗಳ ಹಿಂದೆ ಬೀಳುವ ರಾಶಿಯನ್ನು ಭಂಗಾರದವರ ಟೆಂಪೋ ಬಂದು ಎತ್ತಿಕೊಳ್ಳುತ್ತದೆ. ಕುರ್ಲಾದ ಸಿಎಸ್‌ಟಿ ರೋಡ್, ಸಾಕಿನಾಕಾದ ಖೈರಾನಿ ರೋಡ್, ಗೋವಂಡಿ, ಮಾನ್‌ಖುರ್ದ್ ಕಡೆಯ ಗುಜರಿ ಗಲ್ಲಿಗಳನ್ನು ನೋಡಿದವರಿಗೆ ಇದರ ಅಂದಾಜು ಸಿಗುತ್ತದೆ. ಲಾರಿ ಟಯರ್‌ಗಳಾದರೆ ಟ್ರಕ್ ಟರ್ಮಿನಲ್‌ಗಳಿರುವ ವಡಾಲ, ಕಲಂಬೋಲಿ, ಗೋಡೌನುಗಳ ಊರಾದ ಭಿವಂಡಿಯ ಸುತ್ತಮುತ್ತ ಹೆಚ್ಚಾಗಿ ಸಿಗುತ್ತವೆ.

ಇಲ್ಲಿ ನಡೆಯುವ ಮುಖ್ಯ ಕೆಲಸ ವಿಂಗಡಣೆ. ಯಾವ ಯಂತ್ರವೂ ಇಲ್ಲದೆ, ಕಣ್ಣು ಮತ್ತು ಕೈಯ ಅನುಭವದಿಂದಲೇ ಕೆಲಸಗಾರರು ಟಯರ್ ತಿರುಗಿಸಿ ನೋಡುತ್ತಾರೆ. ಹಲ್ಲು ಇನ್ನೂ ಉಳಿದಿದ್ದರೆ ಒಂದು ಕಡೆ. ಹಲ್ಲು ಸವೆದಿದ್ದರೂ ದೇಹ ಗಟ್ಟಿ ಇದ್ದರೆ ಇನ್ನೊಂದು ಕಡೆ. ಬದಿ ಹರಿದ, ತಂತಿ ಹೊರಬಂದ ಟಯರ್ ಮತ್ತೊಂದು ಕಡೆ. ಮೊದಲೆರಡು ರಾಶಿಗಳಿಗೆ ದರ ನಗದ ಲೆಕ್ಕದಲ್ಲಿ. ಕೊನೆಯ ರಾಶಿ ಮಾತ್ರ ತೂಕಕ್ಕೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್: ಅಗ್ಗದ ಮಾಲು, ಎಚ್ಚರ ಇರಲಿ

ಹಲ್ಲು ಉಳಿದ ಟಯರ್‌ಗಳು ಮತ್ತೆ ರಸ್ತೆಗೆ ಬರುತ್ತವೆ. ಹಳೆ ಕಾರು, ಟೆಂಪೋ, ರಿಕ್ಷಾ ಇಟ್ಟುಕೊಂಡವರು ಇವುಗಳ ಗಿರಾಕಿಗಳು. ಮರುಬಳಕೆಯ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಇದರಲ್ಲಿ ಮೋಸಕ್ಕೆ ಎಡೆ ಹೆಚ್ಚು. ಬೋಳಾದ ಟಯರ್‌ನ ಮೇಲೆ ಬಿಸಿ ಬ್ಲೇಡಿನಿಂದ ಹೊಸದಾಗಿ ಗೀರು ಕೆತ್ತಿ, ಕಪ್ಪು ಪಾಲಿಶ್ ಬಳಿದು ಮಿರಮಿರ ಮಿಂಚುವಂತೆ ಮಾಡಿ ಮಾರುವುದುಂಟು. ಮೇಲ್ನೋಟಕ್ಕೆ ಹಲ್ಲು ಕಂಡರೂ ಒಳಗೆ ರಬ್ಬರ್ ತೆಳುವಾಗಿ, ನೂಲಿನ ಸಮೀಪಕ್ಕೆ ಬಂದಿರುತ್ತದೆ. ವೇಗದಲ್ಲಿ ಅದು ಸಿಡಿದರೆ ಗಾಡಿ ಹತೋಟಿಗೆ ಸಿಗುವುದಿಲ್ಲ.

ಗುರುತಿಸಲು ಎರಡು ಉಪಾಯಗಳಿವೆ. ಟಯರ್‌ನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಕಾರಿನ ಟಯರ್‌ನಲ್ಲಿ ಇವು 1.6 ಮಿ.ಮೀ. ಎತ್ತರ. ಸವೆತ ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಟಯರ್‌ನ ಕೆಲಸ ಮುಗಿಯಿತು. ಕೆತ್ತಿದ ಟಯರ್‌ನಲ್ಲಿ ಈ ಉಬ್ಬುಗಳು ಕಾಣುವುದಿಲ್ಲ ಅಥವಾ ಕತ್ತರಿಸಿಹೋಗಿರುತ್ತವೆ. ಇನ್ನೊಂದು, ಬದಿಯಲ್ಲಿ ಅಚ್ಚಾದ ನಾಲ್ಕಂಕಿಯ ಸಂಖ್ಯೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟಯರ್ ಎಂದರ್ಥ. ಹಲ್ಲು ಎಷ್ಟೇ ಇರಲಿ, ವರ್ಷ ಕಳೆದಂತೆ ರಬ್ಬರ್ ಬಿರುಕು ಬಿಡುತ್ತದೆ.

2022ರ ಡಿಸೆಂಬರ್‌ನಲ್ಲಿ ಮುಂಬಯಿ–ನಾಗ್ಪುರ ಸಮೃದ್ಧಿ ಮಹಾಮಾರ್ಗದ ಮೊದಲ ಹಂತ ಸಂಚಾರಕ್ಕೆ ತೆರೆದ ಮೇಲೆ ಸಾಲು ಸಾಲು ಅಪಘಾತಗಳಾದಾಗ, 2023ರಲ್ಲಿ ಆರ್‌ಟಿಒ ಸಿಬ್ಬಂದಿ ಟಯರ್ ಪರೀಕ್ಷಿಸಿ ಸವೆದ ಟಯರ್‌ನ ಗಾಡಿಗಳನ್ನು ಹಿಂದೆ ಕಳುಹಿಸಬೇಕಾಗಿ ಬಂತು. ಊರಿಗೆ ಹೋಗಲು ಕುಟುಂಬ ಸಮೇತ ಕಾರು ಹತ್ತುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳಿತು.

ರಿಸೋಲ್: ಹಳೆ ದೇಹಕ್ಕೆ ಹೊಸ ಅಂಗಾಲು

ಇಂಗ್ಲಿಷಿನಲ್ಲಿ ರಿಟ್ರೆಡಿಂಗ್ ಎನ್ನುವ ಕೆಲಸವನ್ನು ನಮ್ಮ ಲಾರಿ ಮಾಲಕರು, ಡ್ರೈವರ್‌ಗಳು ರಿಸೋಲ್ ಎಂದೇ ಕರೆಯುತ್ತಾರೆ. ಚಪ್ಪಲಿಗೆ ಹೊಸ ಅಟ್ಟೆ ಹಾಕಿದಂತೆ ಟಯರ್‌ಗೆ ಹೊಸ ಪಟ್ಟಿ ಹಾಕುವುದೇ ಇದರ ತಿರುಳು. ಹಳೆ ಟಯರ್‌ನ ಐದು ದಾರಿಗಳಲ್ಲಿ ಅತ್ಯಂತ ಲಾಭದಾಯಕವಾದುದು ಮತ್ತು ಕಡಿಮೆ ಹಾನಿಯದ್ದು ಇದು.

ರಿಸೋಲ್ ಶೆಡ್ಡಿಗೆ ಬಂದ ಟಯರ್‌ನ ಒಳಹೊರಗೆಲ್ಲ ಮೊದಲು ಪರೀಕ್ಷೆಯಾಗುತ್ತದೆ. ಮೊಳೆ ಚುಚ್ಚಿದ ತೂತು, ಬದಿಯ ಉಬ್ಬು, ತುಕ್ಕು ಹಿಡಿದ ತಂತಿ ಇದ್ದರೆ ಅಲ್ಲಿಗೇ ತಿರಸ್ಕಾರ, ಇಲ್ಲವೇ ದುರಸ್ತಿ. ಬಳಿಕ ಯಂತ್ರಕ್ಕೆ ಹಾಕಿ ತಿರುಗಿಸುತ್ತಾ ಸವೆದ ಮೇಲ್ಮೈಯನ್ನು ಉಜ್ಜಿ ತೆಗೆಯುತ್ತಾರೆ. ಸಣ್ಣ ಗಾಯಗಳನ್ನು ರಬ್ಬರ್‌ನಿಂದ ತುಂಬಿ, ದ್ರಾವಣ ಬಳಿದು, ತೆಳುವಾದ ಹಸಿ ರಬ್ಬರ್ ಹಾಸಿ, ಅದರ ಮೇಲೆ ಮೊದಲೇ ಹಲ್ಲು ಮೂಡಿಸಿದ ಪಟ್ಟಿಯನ್ನು ಸುತ್ತುತ್ತಾರೆ. ಇಡೀ ಟಯರ್‌ಗೆ ರಬ್ಬರ್ ಕವಚ ತೊಡಿಸಿ, ದೊಡ್ಡ ಪ್ರೆಶರ್ ಕುಕ್ಕರ್‌ನಂಥ ಕೊಠಡಿಯೊಳಗೆ ಕೆಲವು ಗಂಟೆ ಒತ್ತಡದಲ್ಲಿ ಬೇಯಿಸಿದರೆ ಪಟ್ಟಿ ದೇಹದೊಂದಿಗೆ ಒಂದಾಗುತ್ತದೆ. ಇದು ಕೋಲ್ಡ್ ವಿಧಾನ. ಹಾಗೆಂದು ಹೆಸರಾದರೂ ಶಾಖ ಸುಮಾರು 100 ಡಿಗ್ರಿ ಇರುತ್ತದೆ. ಹಸಿ ರಬ್ಬರ್ ಹಚ್ಚಿ ಅಚ್ಚಿನೊಳಗೆ ಸುಮಾರು 150 ಡಿಗ್ರಿಯಲ್ಲಿ ಬೇಯಿಸುವುದು ಹಾಟ್ ವಿಧಾನ.

ರಿಸೋಲ್ ಟಯರ್ ಎಂದರೆ ಕಳಪೆ ಎಂಬ ಭಾವನೆ ಹಲವರಲ್ಲಿದೆ. ವಿಮಾನದ ಟಯರ್‌ಗಳನ್ನೂ ಹಲವು ಬಾರಿ ರಿಟ್ರೆಡ್ ಮಾಡಿ ಬಳಸುತ್ತಾರೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಮಹಾರಾಷ್ಟ್ರದ ಎಸ್.ಟಿ. ನಿಗಮ ಸ್ವಂತ ರಿಟ್ರೆಡಿಂಗ್ ಘಟಕಗಳನ್ನು ನಡೆಸಿಕೊಂಡು ಬಂದಿದೆ. ಬಸ್ಸು, ಲಾರಿಗಳಲ್ಲಿ ಮುಂದಿನ ಚಕ್ರಕ್ಕೆ ಹೊಸ ಟಯರ್, ಹಿಂದಿನ ಚಕ್ರಗಳಿಗೆ ರಿಸೋಲ್ ಎಂಬುದು ಅನುಭವಿಗಳ ಪದ್ಧತಿ. ಕೆಟ್ಟ ಹೆಸರು ಬಂದಿರುವುದು ದೇಹ ಪರೀಕ್ಷಿಸದೆ ಬಡಕಲು ಟಯರ್‌ಗೂ ಪಟ್ಟಿ ಅಂಟಿಸಿ ಕಳುಹಿಸುವ ಶೆಡ್ಡುಗಳಿಂದ, ಮತ್ತು ಅತಿಭಾರ ಹೇರಿ ಓಡಿಸುವವರಿಂದ.

ಆದರೆ ಈ ಉದ್ಯಮಕ್ಕೆ ಈಗ ದರದ ಹೊಡೆತ. 2019ರ ಜನವರಿಯಿಂದ ರಿಟ್ರೆಡ್ ಟಯರ್‌ಗೆ ಜಿಎಸ್‌ಟಿ ಶೇ. 18 ಇದ್ದರೆ, ಹೊಸ ಟಯರ್‌ಗೆ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟಯರ್ ಮೇಲಿನ ತೆರಿಗೆಯೂ ಶೇ. 18ಕ್ಕೆ ಇಳಿಯಿತು. ವಾಹನ ಮಾಲಕರಿಗೆ ಇದು ಸಿಹಿ ಸುದ್ದಿಯೇ. ಆದರೆ ರಿಸೋಲ್‌ಗೆ ಇದ್ದ ಶೇ. 10ರ ಅನುಕೂಲ ಕೈಬಿಟ್ಟಿತು. ಜತೆಗೆ ಹೊರದೇಶದ ಅಗ್ಗದ ಟಯರ್‌ಗಳಲ್ಲಿ ಕೆಲವು ಒಮ್ಮೆ ಸವೆದ ಮೇಲೆ ರಿಸೋಲ್‌ಗೆ ತಡೆಯುವುದಿಲ್ಲ. ಖರೀದಿಯ ದಿನ ಉಳಿದ ಹಣ ಒಂದೂವರೆ ವರ್ಷದಲ್ಲಿ ಖರ್ಚಿನ ಖಾತೆಗೆ ಹೋಗುತ್ತದೆ. ಗಟ್ಟಿ ದೇಹದ ಟಯರ್‌ಗೆ ಮೊದಲು ಹೆಚ್ಚು ಕೊಟ್ಟರೂ, ಒಂದೆರಡು ಸಲ ರಿಸೋಲ್ ಮಾಡಿಸಿದರೆ ಕಿಲೋಮೀಟರ್ ಲೆಕ್ಕದಲ್ಲಿ ಅದೇ ಅಗ್ಗ.

ಚಪ್ಪಲಿ, ಬಕೆಟ್, ಬೋಟಿನ ಬದಿ

ರಿಸೋಲ್‌ಗೂ ಆಗದ ಟಯರ್ ಕತ್ತಿಯ ಬಾಯಿಗೆ ಬೀಳುತ್ತದೆ. ನೈಲಾನ್ ನೂಲಿನ ಹಳೆ ಮಾದರಿಯ ಟಯರ್‌ಗಳನ್ನು ಪದರ ಪದರವಾಗಿ ಸುಲಿದು ಚಪ್ಪಲಿಯ ಅಟ್ಟೆ, ನೀರು ಸೇದುವ ಬಕೆಟ್, ವಾಷರ್, ಗಾಡಿಗಳ ಮಡ್‌ಗಾರ್ಡ್ ಪಟ್ಟಿ ಮಾಡುವ ಕುಶಲಕರ್ಮಿಗಳು ದೇಶದ ಎಲ್ಲ ಕಡೆ ಇದ್ದರು. ಟಯರ್ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋದವರು, ಕೋಲು ಹಿಡಿದು ಹಳೆ ಟಯರ್ ಓಡಿಸುತ್ತಾ ಬೆಳೆದವರು ಇಂದಿನ ಹಿರಿಯ ಸದಸ್ಯರಲ್ಲಿ ಎಷ್ಟೋ ಮಂದಿ.

ಈಗ ಈ ಕಸುಬು ಕುಗ್ಗುತ್ತಿದೆ. ಕಾರಣ, ರೇಡಿಯಲ್ ಟಯರ್‌ಗಳು. ಅವುಗಳ ಒಳಗಿನ ಉಕ್ಕಿನ ಪಟ್ಟಿಯನ್ನು ಕೈ ಕತ್ತಿಯಿಂದ ಸೀಳಲಾಗದು. ಕಾರುಗಳ ಬಳಿಕ ಲಾರಿ, ಬಸ್ಸುಗಳೂ ರೇಡಿಯಲ್‌ಗೆ ತಿರುಗುತ್ತಿದ್ದಂತೆ ಕತ್ತರಿಸುವವರ ಮಾಲು ಕಡಿಮೆಯಾಗುತ್ತಾ ಬಂದಿದೆ. ಉಳಿದಿರುವ ಒಂದು ದೊಡ್ಡ ಬಳಕೆ ಬಂದರಿನಲ್ಲಿ. ಸಸೂನ್ ಡಾಕ್, ಭಾವುಚಾ ಧಕ್ಕಾದಲ್ಲಾಗಲಿ, ನಮ್ಮ ಮಲ್ಪೆ, ಮಂಗಳೂರು ಧಕ್ಕೆಗಳಲ್ಲಾಗಲಿ, ಬೋಟುಗಳು ಒಂದಕ್ಕೊಂದು ಬಡಿಯದಂತೆ ಬದಿಗೆ ಹಳೆ ಟಯರ್ ನೇತುಹಾಕಿರುವುದನ್ನು ಕಾಣಬಹುದು.

ಪುಡಿಯಾದರೂ ಬೆಲೆ ಇದೆ

ನಾಲ್ಕನೆಯ ದಾರಿ ಕಾರ್ಖಾನೆಗೆ ಹೋಗುತ್ತದೆ. ಟಯರ್ ಅನ್ನು ತುಂಡು ಮಾಡಿ, ಅಯಸ್ಕಾಂತದಿಂದ ತಂತಿ, ಗಾಳಿಯಿಂದ ನೂಲು ಬೇರ್ಪಡಿಸಿ, ಬೇರೆ ಬೇರೆ ಗಾತ್ರದ ರಬ್ಬರ್ ಪುಡಿ ಮಾಡುತ್ತಾರೆ. ಉಕ್ಕಿನ ತಂತಿ ನೇರ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ರಬ್ಬರ್ ಪುಡಿ ಜಿಮ್‌ನ ನೆಲಹಾಸು, ಮಕ್ಕಳ ಆಟದ ಅಂಗಳದ ಟೈಲ್ಸ್, ಓಟದ ಟ್ರ್ಯಾಕ್, ರಸ್ತೆ ಉಬ್ಬುಗಳಾಗಿ ಮರಳುತ್ತದೆ. ಊರಿನ ಹಟ್ಟಿಗಳಲ್ಲಿ ದನಗಳ ಕಾಲು ಜಾರದಂತೆ ಹಾಸುವ ರಬ್ಬರ್ ಮ್ಯಾಟ್‌ಗಳಿಗೂ ಇಂಥ ಮರುಬಳಕೆಯ ರಬ್ಬರ್ ಬಳಕೆಯಾಗುತ್ತದೆ. ಕೃತಕ ಹುಲ್ಲಿನ ಮೈದಾನಕ್ಕೆ ಸುರಿಯುವ ರಬ್ಬರ್ ಕಾಳುಗಳ ಬಗ್ಗೆ ಮಾತ್ರ ಆಕ್ಷೇಪ ಬಂದಿದೆ. ಅವು ಸೂಕ್ಷ್ಮ ಪ್ಲಾಸ್ಟಿಕ್ ಆಗಿ ಮಣ್ಣು, ನೀರು ಸೇರುತ್ತವೆ ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ಅವುಗಳ ಮಾರಾಟ ನಿಷೇಧಿಸಿ, 8 ವರ್ಷಗಳ ಕಾಲಾವಕಾಶ ನೀಡಿದೆ.

ರಸ್ತೆ ನಿರ್ಮಾಣದಲ್ಲಿ ಈ ಪುಡಿಗೆ ದೊಡ್ಡ ಸ್ಥಾನವಿದೆ. ಡಾಮರಿಗೆ ಬೆರೆಸಿದರೆ ಬಿಸಿಲಿಗೆ ಕರಗಿ ಏಳುವುದು, ಬಿರುಕು ಬಿಡುವುದು ಕಡಿಮೆಯಾಗುತ್ತದೆ. ಇಂಥ ಮಿಶ್ರಣಕ್ಕೆ 2004ರಲ್ಲಿಯೇ ಐಎಸ್ 15462 ಎಂಬ ಭಾರತೀಯ ಮಾನಕ ಬಂದಿದೆ. ಪುಡಿಯನ್ನು ಎಣ್ಣೆ, ರಾಸಾಯನಿಕ, ಶಾಖದೊಂದಿಗೆ ಹದ ಮಾಡಿ ಗಂಧಕದ ಕೊಂಡಿಗಳನ್ನು ಸಾಧ್ಯವಾದಷ್ಟು ಸಡಿಲಿಸಿದರೆ ಸಿಗುವುದು ರಿಕ್ಲೇಮ್ ರಬ್ಬರ್. ಹೊಸ ರಬ್ಬರ್‌ನಷ್ಟು ಬಲ ಅದಕ್ಕಿಲ್ಲ. ಆದರೂ ಮ್ಯಾಟ್, ಪೈಪು, ಟ್ಯೂಬು, ಸ್ವಲ್ಪ ಪ್ರಮಾಣದಲ್ಲಿ ಹೊಸ ಟಯರ್‌ಗೂ ಬೆರೆಯುತ್ತದೆ. 1974ರಲ್ಲಿ ಸ್ಥಾಪನೆಯಾದ ಗುಜರಾತ್ ರಿಕ್ಲೇಮ್ ಆಂಡ್ ರಬ್ಬರ್ ಪ್ರಾಡಕ್ಟ್ಸ್‌ನಂಥ ಕಂಪೆನಿಗಳಿಂದ ಈ ಉದ್ಯಮ ಪಶ್ಚಿಮ ಭಾರತದಲ್ಲಿ ನೆಲೆಯೂರಿದೆ.

ಎಣ್ಣೆಯ ಭಟ್ಟಿ ಮತ್ತು ವಾಡಾದ ಹೊಗೆ

ಐದನೆಯ ದಾರಿ ಪೈರೋಲಿಸಿಸ್. ಗಾಳಿಯಾಡದ ದೊಡ್ಡ ಉಕ್ಕಿನ ಪೀಪಾಯಿಯಲ್ಲಿ ಟಯರ್ ತುಂಬಿಸಿ 400–500 ಡಿಗ್ರಿವರೆಗೆ ಕಾಯಿಸಿದರೆ ರಬ್ಬರ್ ಒಡೆದು ಆವಿಯಾಗುತ್ತದೆ. ಆವಿಯನ್ನು ತಣಿಸಿದರೆ ಉರುವಲು ಎಣ್ಣೆ. ತಳದಲ್ಲಿ ಉಳಿಯುವುದು ಕರಿಪುಡಿ ಮತ್ತು ತಂತಿ. ಟಯರ್‌ನ ತೂಕದ ಸುಮಾರು ಶೇ. 40ರಷ್ಟು ಎಣ್ಣೆ, ಮೂರನೆಯ ಒಂದು ಭಾಗ ಕರಿಪುಡಿ ಸಿಗುತ್ತದೆ. ಎಣ್ಣೆಯನ್ನು ಕಾರ್ಖಾನೆಗಳ ಬಾಯ್ಲರ್, ಕುಲುಮೆಗಳಿಗೆ ಮಾರುತ್ತಾರೆ.

ಸರಿಯಾದ ಯಂತ್ರ, ಅನಿಲ ತಡೆಯುವ ವ್ಯವಸ್ಥೆ, ತರಬೇತಿ ಪಡೆದ ಸಿಬ್ಬಂದಿ ಇದ್ದರೆ ಇದೂ ಒಂದು ಉದ್ಯಮವೇ. ತೊಂದರೆ ಇರುವುದು ಅಗ್ಗದ ಘಟಕಗಳಲ್ಲಿ. ಪೀಪಾಯಿ ಪೂರ್ತಿ ತಣಿಯುವ ಮೊದಲೇ ಬಾಗಿಲು ತೆರೆದರೆ ಒಳಗಿನ ಅನಿಲ, ಕರಿಪುಡಿ ಗಾಳಿ ತಾಗಿ ಹೊತ್ತಿಕೊಳ್ಳುತ್ತವೆ. ದಿನಕ್ಕೊಂದು ಹೆಚ್ಚು ಗಾಣ ಎಳೆಯುವ ಆಸೆಗೆ ಕಾಯುವ ತಾಳ್ಮೆ ಇರುವುದಿಲ್ಲ. ಕರಿಪುಡಿಯ ಧೂಳು ಸುತ್ತಲಿನ ಗದ್ದೆ, ಬಾವಿ, ಎಲೆಗಳ ಮೇಲೆ ಕೂರುತ್ತದೆ. ಬಿಬಿಸಿ ತಂಡ ವಾಡಾದಲ್ಲಿ ಕಂಡದ್ದೂ ಮಸಿ ಹಿಡಿದ ಗಿಡಗಳು, ಕೊಳಕಾದ ನೀರು ಮತ್ತು ಕೆಮ್ಮು, ಕಣ್ಣುರಿಯ ದೂರು. ಸ್ಫೋಟದ ಬಳಿಕ ಅಲ್ಲಿನ ಕೆಲವು ಘಟಕಗಳನ್ನು ಸರಕಾರ ಮುಚ್ಚಿಸಿತು.

ಇದು ವಾಡಾದ ಸಮಸ್ಯೆ ಮಾತ್ರವಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ನೀಡಿದ ಲೆಕ್ಕದಂತೆ 19 ರಾಜ್ಯಗಳಲ್ಲಿ 637 ಪೈರೋಲಿಸಿಸ್ ಘಟಕಗಳಿದ್ದವು. ಅವುಗಳಲ್ಲಿ ನಿಯಮ ಪಾಲಿಸುತ್ತಿದ್ದವು 251. ಪಾಲಿಸದವು 270. ಉಳಿದ 116 ಮುಚ್ಚಿದ್ದವು. ಇವು ಪರವಾನಿಗೆ ಪಡೆದ ಘಟಕಗಳ ಲೆಕ್ಕ.

ಅಗ್ಗದ ಘಟಕಕ್ಕೆ ವಿಂಗಡಣೆ ಬೇಡ, ದೊಡ್ಡ ಯಂತ್ರ ಬೇಡ, ವಿದ್ಯುತ್ ಖರ್ಚು ಕಡಿಮೆ, ಹೊಗೆ ಶುದ್ಧೀಕರಣದ ಖರ್ಚು ಇಲ್ಲ. ಹಾಗಾಗಿ ಗುಜರಿಯವರಿಗೆ ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕೊಡಲು ಅದಕ್ಕೆ ಸಾಧ್ಯವಾಗುತ್ತದೆ. ಕಾನೂನುಬದ್ಧ ಪುಡಿ ಕಾರ್ಖಾನೆ ಈ ದರದ ಮುಂದೆ ಸೋಲುತ್ತದೆ. ಆ ಒಂದೆರಡು ರೂಪಾಯಿಯನ್ನು ನಿಜವಾಗಿ ಕಟ್ಟುತ್ತಿರುವವರು ಭಟ್ಟಿಯ ಪಕ್ಕದಲ್ಲಿ ಬದುಕುವವರು.

ಹೊರದೇಶದ ಟಯರ್‌ಗಳು ಇಲ್ಲಿಗೆ ಬರುವುದಕ್ಕೂ ಇದೇ ಲೆಕ್ಕಾಚಾರ ಕಾರಣ. ಬ್ರಿಟನ್‌ನಲ್ಲಿ ವರ್ಷಕ್ಕೆ ಸುಮಾರು 5 ಕೋಟಿ ಟಯರ್‌ಗಳು ಹಳತಾಗುತ್ತವೆ, ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಭಾರತಕ್ಕೆ ರಫ್ತಾಗುತ್ತವೆ ಎಂದು ಬಿಬಿಸಿ ವರದಿ ಹೇಳಿದೆ. ಅವುಗಳಲ್ಲಿ ಶೇ. 70ರಷ್ಟು ಇಂಥ ಭಟ್ಟಿಗಳ ಪಾಲಾಗುತ್ತವೆ ಎಂಬುದು ಅಲ್ಲಿನ ಉದ್ಯಮದವರದೇ ಅಂದಾಜು. ಎಣ್ಣೆ ತೆಗೆಯುವುದಕ್ಕಾಗಿ ಹಳೆ ಟಯರ್ ಆಮದು ಮಾಡುವುದನ್ನು ನಮ್ಮ ಕಾನೂನು 2022ರಲ್ಲಿಯೇ ನಿಷೇಧಿಸಿದೆ. ಕಾಗದದಲ್ಲಿ ಅವು ಬರುವುದು ಪುಡಿ, ರಿಕ್ಲೇಮ್ ಮಾಡುವುದಕ್ಕಾಗಿ.

ಕಾಗದದ ಮಾರುಕಟ್ಟೆ

2022ರ ಜುಲೈ 21ರಂದು ಕೇಂದ್ರ ಸರಕಾರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ತಿದ್ದುಪಡಿ ತಂದು ಹಳೆ ಟಯರ್‌ಗಳ ಹೊಣೆಯನ್ನು ಟಯರ್ ತಯಾರಕರ ಮತ್ತು ಆಮದುದಾರರ ಮೇಲೆ ಹೊರಿಸಿತು. 2022–23ರಲ್ಲಿ ಅವರು 2020–21ರಲ್ಲಿ ತಯಾರಿಸಿದ ಅಥವಾ ಆಮದು ಮಾಡಿದ ಟಯರ್ ಪ್ರಮಾಣದ ಶೇ. 35ರಷ್ಟನ್ನು, ಮರುವರ್ಷ ಶೇ. 70ರಷ್ಟನ್ನು, 2024–25ರಿಂದ ಪೂರ್ತಿ ಶೇ. 100ರಷ್ಟನ್ನು ಮರುಬಳಕೆಗೆ ಒಳಪಡಿಸಿದ ಲೆಕ್ಕ ತೋರಿಸಬೇಕು.

ತಯಾರಕರು ಸ್ವತಃ ಟಯರ್ ಒಟ್ಟುಮಾಡಬೇಕಾಗಿಲ್ಲ. ಕೇಂದ್ರ ಮಂಡಳಿಯಲ್ಲಿ ನೋಂದಾಯಿತ ಮರುಬಳಕೆ ಘಟಕಗಳು ಎಷ್ಟು ಮಾಲು ಸಂಸ್ಕರಿಸಿದವು ಎಂಬುದಕ್ಕೆ ಪ್ರಮಾಣಪತ್ರ ಪಡೆಯುತ್ತವೆ. ತಯಾರಕರು ಅದನ್ನು ಖರೀದಿಸಿ ತಮ್ಮ ಬಾಕಿ ತೀರಿಸುತ್ತಾರೆ. ಯಾವ ಉತ್ಪನ್ನ ಮಾಡಿದರು ಎಂಬುದರ ಮೇಲೆ ಪ್ರಮಾಣಪತ್ರದ ತೂಕ ಬದಲಾಗುತ್ತದೆ. ರಿಟ್ರೆಡಿಂಗ್ ಮಾಡುವವರಿಗೂ ಇದರಲ್ಲಿ ಸ್ಥಾನವಿದೆ. ಟಯರ್‌ನ ಆಯುಷ್ಯ ಹೆಚ್ಚಿದ್ದರಿಂದ ತಯಾರಕರ ಹೊಣೆ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ಯೋಜನೆ ಚೆನ್ನಾಗಿದೆ. ಪ್ರಮಾಣಪತ್ರದ ಹಣ ಬಂದರೆ ಕಾನೂನುಬದ್ಧ ಕಾರ್ಖಾನೆಯೂ ಗುಜರಿಯವರಿಗೆ ಭಟ್ಟಿಯ ದರ ಕೊಡಬಹುದು. ಆದರೆ ಚೆಕ್ಕಿನ ಹಿಂದೆ ಖಾತೆಯಲ್ಲಿ ಹಣ ಇರಬೇಕಾದಂತೆ, ಪ್ರಮಾಣಪತ್ರದ ಹಿಂದೆ ನಿಜವಾದ ಟಯರ್ ಇರಬೇಕು. ಪ್ಲಾಸ್ಟಿಕ್‌ನ ಇಂಥದೇ ವ್ಯವಸ್ಥೆಯಲ್ಲಿ 2023ರಲ್ಲಿ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ಕೆಲವು ಘಟಕಗಳಿಂದ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಹೊರಟಿದ್ದವು ಎಂದು ಮಂಡಳಿಯೇ ಪತ್ತೆ ಹಚ್ಚಿತ್ತು. ಟಯರ್‌ನ ವಿಷಯದಲ್ಲಿ ಹಾಗಾಗದಂತೆ ನೋಡಿಕೊಳ್ಳುವುದು ತೂಕದ ಚೀಟಿ, ಲಾರಿ ರಸೀದಿ, ಜಿಎಸ್‌ಟಿ ಬಿಲ್ಲುಗಳ ತಾಳೆಯಿಂದ ಮಾತ್ರ ಸಾಧ್ಯ.

ಟೆರೇಸಿನ ಮೇಲಿನ ಟಯರ್

ಮಾರಾಟವಾಗದೆ ಉಳಿದ ಟಯರ್‌ಗಳದ್ದು ಇನ್ನೊಂದು ಸಮಸ್ಯೆ. ಮಳೆಗಾಲ ಬಂತೆಂದರೆ ಝೋಪಡ್‌ಪಟ್ಟಿಗಳ ಮಾಡಿನ ತಾಡಪತ್ರಿ ಹಾರದಂತೆ ಟಯರ್ ಹೇರುತ್ತಾರೆ. ಸೊಸೈಟಿಗಳ ಟೆರೇಸು, ಪಾರ್ಕಿಂಗ್ ಮೂಲೆ, ಹೋಟೆಲುಗಳ ಹಿಂಬದಿಯಲ್ಲೂ ಒಂದೆರಡು ಬಿದ್ದಿರುತ್ತವೆ. ಒಳಗೆ ನಿಂತ ಮಳೆನೀರಿಗೆ ಬಿಸಿಲು ತಾಗುವುದಿಲ್ಲ, ಅಲುಗಾಡಿಸಿದರೂ ಪೂರ್ತಿ ಚೆಲ್ಲುವುದಿಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇರೆ ಬೇಕಿಲ್ಲ. ಅದರ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದು, ಮತ್ತೆ ನೀರು ತಾಗಿದಾಗ ಮರಿಯಾಗಬಲ್ಲವು. ಏಷ್ಯಾದ ಹುಲಿ ಸೊಳ್ಳೆ 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನೆಲೆಯೂರಿದ್ದು ಆಮದಾದ ಹಳೆ ಟಯರ್‌ಗಳ ಮೂಲಕವೇ. ಮುಂಬಯಿ ಮಹಾನಗರಪಾಲಿಕೆಯ ಕೀಟನಾಶಕ ವಿಭಾಗ ಪ್ರತಿವರ್ಷ ಮಳೆಗೆ ಮುಂಚೆ ಟಯರ್ ತೆರವಿಗೆ ಓಡಾಡುವುದು ಈ ಕಾರಣಕ್ಕೆ.

ರಾಶಿ ಹಾಕಿ ಮರೆತರೆ ಏನಾಗುತ್ತದೆ ಎಂಬುದನ್ನು ಕರಾವಳಿಯ ಅನೇಕರು ದುಡಿಯುತ್ತಿರುವ ಕುವೈಟ್ ನೋಡಿದೆ. ಅಲ್ಲಿನ ಮರುಭೂಮಿಯಲ್ಲಿ 4 ಕೋಟಿಗೂ ಹೆಚ್ಚು ಟಯರ್‌ಗಳು ಬೆಟ್ಟದಂತೆ ಬಿದ್ದಿದ್ದವು. 2012ರಲ್ಲಿ ಭಾರೀ ಬೆಂಕಿ ಬಿದ್ದಾಗ ಕಪ್ಪು ಹೊಗೆ ಆಕಾಶ ಮುಚ್ಚಿತ್ತು. ಕೊನೆಗೆ 2021ರ ಹೊತ್ತಿಗೆ ಆ ರಾಶಿಯನ್ನು ಮರುಬಳಕೆಗೆಂದು ಬೇರೆಡೆಗೆ ಸಾಗಿಸಲಾಯಿತು. ಬಂದ್, ಪ್ರತಿಭಟನೆಗಳಲ್ಲಿ ಟಯರ್ ಸುಡುವವರೂ ತಮ್ಮವರ ಶ್ವಾಸಕೋಶಕ್ಕೇ ಆ ಹೊಗೆ ಹೋಗುತ್ತದೆ ಎಂಬುದನ್ನು ತಿಳಿದರೆ ಒಳಿತು.

ಸಂಘಗಳು ಮಾಡಬಹುದಾದುದು

ಮಹಾನಗರದ ಕನ್ನಡ ಸಂಘ, ಸಂಸ್ಥೆಗಳು ರಕ್ತದಾನ, ಆರೋಗ್ಯ ತಪಾಸಣೆ, ಪುಸ್ತಕ ವಿತರಣೆಯಂಥ ಕೆಲಸಗಳನ್ನು ವರ್ಷವಿಡೀ ಮಾಡುತ್ತಾ ಬಂದಿವೆ. ಆ ಸಾಲಿಗೆ ಟಯರ್ ಸೇರಿಸುವುದು ಕಷ್ಟವೇನಲ್ಲ. ಮೇ ತಿಂಗಳ ಕೊನೆಯ ಒಂದು ಭಾನುವಾರ ಸದಸ್ಯರ ಮನೆ, ಸೊಸೈಟಿ, ಹೋಟೆಲು, ಸಂಘದ ಕಟ್ಟಡಗಳಲ್ಲಿ ಬಿದ್ದಿರುವ ಟಯರ್ ಒಟ್ಟುಮಾಡಿ ನೋಂದಾಯಿತ ಮರುಬಳಕೆ ಘಟಕಕ್ಕೆ ಒಪ್ಪಿಸಿದರೆ ಮಳೆಗಾಲದ ಡೆಂಗ್ಯೂ ಭಯ ಅಷ್ಟು ಕಡಿಮೆಯಾದೀತು. ಒಬ್ಬೊಬ್ಬರ ಒಂದೆರಡು ಟಯರ್‌ಗೆ ಕಾರ್ಖಾನೆಯ ಲಾರಿ ಬಾರದು. ಒಂದು ಟೆಂಪೋ ತುಂಬಿದರೆ ಬಂದೀತು.

ಟ್ರಾವೆಲ್ಸ್, ಸಾಗಾಟ, ಶಾಲಾ ಬಸ್ಸು ನಡೆಸುವ ಸದಸ್ಯರ ಕೈಯಲ್ಲಿ ಇನ್ನೂ ಹೆಚ್ಚಿನ ಶಕ್ತಿ ಇದೆ. ಟಯರ್ ಪೂರ್ತಿ ಬೋಳಾಗುವ ಮೊದಲೇ ಕಳಚಿದರೆ ದೇಹ ಉಳಿಯುತ್ತದೆ, ರಿಸೋಲ್‌ಗೆ ಬರುತ್ತದೆ. ಗಾಳಿಯ ಒತ್ತಡ ವಾರಕ್ಕೊಮ್ಮೆ ನೋಡಿದರೆ ಟಯರ್‌ನ ಆಯುಷ್ಯವೂ ಡೀಸೆಲ್ಲೂ ಉಳಿಯುತ್ತವೆ. ಗುಜರಿಗೆ ಕೊಡುವಾಗ ಯಾವ ಘಟಕಕ್ಕೆ ಹೋಗುತ್ತದೆ ಎಂದು ಕೇಳಿ, ಬಿಲ್ಲು ಪಡೆಯುವುದು ಅಭ್ಯಾಸವಾಗಬೇಕು. ಹತ್ತು ಲಾರಿಗಳ ಮಾಲಕರೊಬ್ಬರು ಕೇಳಿದರೆ ಗುಜರಿಯವರು ನಕ್ಕು ಸುಮ್ಮನಾದಾರು. ನೂರು ಮಂದಿ ಕೇಳತೊಡಗಿದರೆ ಉತ್ತರ ಹುಡುಕಲೇಬೇಕಾಗುತ್ತದೆ.

ಕಿಲೋಗೆ ಒಂದು ರೂಪಾಯಿ ಕಡಿಮೆ ಸಿಕ್ಕೀತು. ಕಾರಿನ ನಾಲ್ಕು ಟಯರ್‌ಗೆ ಅದು ಮೂವತ್ತು, ನಲ್ವತ್ತು ರೂಪಾಯಿ. ಒಂದು ಪ್ಲೇಟ್ ಇಡ್ಲಿಯ ಬೆಲೆ. ವಾಡಾದಲ್ಲಿ ಸತ್ತ ಆ ಇಬ್ಬರು ಮಹಿಳೆಯರ, ಇಬ್ಬರು ಮಕ್ಕಳ ನೆನಪಿನಲ್ಲಿ ಅಷ್ಟನ್ನು ಬಿಟ್ಟುಕೊಡಲು ಯಾರಿಗೂ ಭಾರವಾಗಲಾರದು.